ಗೋಡೆ ಹತ್ತುವ ಬೆರಳುಗಳು

"ಇನ್ನೊಂಚೂರು ಅಪ್ಪಾ! ನಿಲ್ಲಿಸ್ಬೇಡ, ಚಂದಿರ ಸಿಕ್ಕೇಬಿಟ್ಟ!"

ಗುಬ್ಬಿ ಮಂಚದ ಮೇಲೆ ಕುಣಿಯುತ್ತಿದ್ದಳು. ಅಪ್ಪನ ಬಲಗೈಯ ಎರಡು ಬೆರಳುಗಳು ಮೆಲ್ಲಗೆ ಗೋಡೆ ಹತ್ತುತ್ತಿದ್ದವು.

ಅಪ್ಪ ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಏಣಿ ಹತ್ತಿ, ಕೈ ಎತ್ತಿ, ವರ್ಷಗಟ್ಟಲೆ ಬರೆದೂ ಬರೆದೂ ಅವನ ಭುಜ ಹಟ ಹಿಡಿದುಬಿಟ್ಟಿತ್ತು. ಬಂದ ನೋವು ಹೋಗಲೇ ಇಲ್ಲ. ದಿನಾ ಹೀಗೆ ಬೆರಳು ನಡೆಸಿ ಅಂತ ಹೇಳಿಕೊಟ್ಟವರು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋ ಆಂಟಿ.

ಗುಬ್ಬಿಗೆ ಅದು ಬರೀ ವ್ಯಾಯಾಮವಲ್ಲ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಬಣ್ಣ ಎದ್ದ ಆ ಗೋಡೆಯಲ್ಲಿ ಒಂದು ಬೆಟ್ಟವಿತ್ತು, ಅದರ ಮೇಲೊಂದು ಕೆರೆಯಿತ್ತು. ಬೆರಳುಗಳು ಇಬ್ಬರು ದಾರಿಹೋಕರು. ಬೆಟ್ಟ ಹತ್ತಿ, ಕೆರೆಯಲ್ಲಿ ಕಾಲು ತೊಳೆದು, ಅವರು ಮೋಡಗಳ ಕಡೆ ಹೊರಡುತ್ತಿದ್ದರು. ಎಲ್ಲಕ್ಕಿಂತ ಮೇಲೆ ಗುಬ್ಬಿ ಹಳದಿ ಕಾಗದದ ಚಂದಿರನನ್ನು ಅಂಟಿಸಿದ್ದಳು.

ಅವನನ್ನು ಮುಟ್ಟಿದರೆ ಅಪ್ಪನ ಕೈ ಸರಿಹೋದ ಹಾಗೆ. ಆಮೇಲೆ ಅಪ್ಪ ಶಾಲೆಗೆ ಬಂದು ಕ್ಲಾಸಿನ ಗೋಡೆ ತುಂಬ ಆಕಾಶ ಬರೆಯಬೇಕು. ಗುಬ್ಬಿ ಆಗಲೇ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡಾಗಿತ್ತು.

ಅಪ್ಪ ಹಲ್ಲು ಕಚ್ಚಿದ. "ಸ್ಸ್..." ಅಂದ. ಬೆರಳು ಚಂದಿರನಿಗೆ ತಾಗಿತು.

"ಮುಟ್ಟಿಬಿಟ್ಟ! ಮುಟ್ಟಿಬಿಟ್ಟ!"

ಮರುದಿನ ಬೆಳಿಗ್ಗೆ ಎದ್ದರೆ ಅಪ್ಪನಿಗೆ ಅಂಗಿಯ ಗುಂಡಿ ಹಾಕಲೂ ಆಗಲಿಲ್ಲ. ಬ್ರಷ್ ಹಿಡಿಯುವ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಅಷ್ಟು ಮೇಲೆ ಎತ್ತು ಅಂತ ಯಾರ್ರೀ ಹೇಳಿದ್ದು?" ಅಮ್ಮ ಗುಂಡಿ ಹಾಕುತ್ತಾ ಗದರಿದಳು. "ಚಂದಿರ ಏನು ನಿಮ್ಮ ಸೋದರಮಾವನಾ, ಹೋಗಿ ಅಪ್ಪಿಕೊಳ್ಳೋಕೆ?"

ಗುಬ್ಬಿ ಬಾಗಿಲ ಹಿಂದೆ ಸರಿದಳು.

ಮಧ್ಯಾಹ್ನ ಮೂವರೂ ಆಸ್ಪತ್ರೆಗೆ ಹೋದರು. ಫಿಸಿಯೋ ಆಂಟಿ ಅಪ್ಪನ ಭುಜಕ್ಕೆ ಬಿಸಿ ಚೀಲ ಇಟ್ಟರು.

"ನೋವು ಜಾಸ್ತಿಯಾಗೋ ಮುಂಚೆ ನಿಲ್ಲಿಸಿ ಅಂದಿರ್ಲಿಲ್ವಾ ಯಜಮಾನ್ರೇ?"

"ಮಗಳು ಅಷ್ಟು ಖುಷಿಯಾಗಿದ್ಲು ಮೇಡಂ. ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

ಗುಬ್ಬಿ ಅಪ್ಪನ ಪಕ್ಕಕ್ಕೆ ಬಂದು ನಿಂತಳು. "ಆಂಟಿ, ಇದು ಪೂರ್ತಿ ಯಾವಾಗ ಹೋಗುತ್ತೆ?"

"ಪೂರ್ತಿ ಹೋಗದೇನೂ ಇರಬಹುದು ಪುಟ್ಟಿ. ಒಂದಿನ ಕಡಿಮೆ, ಒಂದಿನ ಜಾಸ್ತಿ. ದಿನಾ ಒಂಚೂರು ಆಡಿಸ್ತಿದ್ರೆ ಕೈ ಮಾತು ಕೇಳುತ್ತೆ. ಜಗ್ಗಾಡಿದ್ರೆ ಮುನಿಸಿಕೊಳ್ಳುತ್ತೆ."

"ಮತ್ತೆ ನೀವ್ಯಾಕೆ ಇರೋದು?" ಗುಬ್ಬಿ ಸಿಟ್ಟಿನಿಂದ ಕೇಳಿಯೇಬಿಟ್ಟಳು.

"ಏಯ್!" ಅಮ್ಮ ಕಣ್ಣು ಬಿಟ್ಟಳು.

ಆಂಟಿ ಮಾತ್ರ ನಕ್ಕರು. "ನನ್ನ ಸೊಂಟಾನೂ ದಿನಾ ಬೆಳಿಗ್ಗೆ ನನ್ನನ್ನ ಅದನ್ನೇ ಕೇಳುತ್ತೆ ನೋಡು," ಎಂದು ಸೊಂಟಕ್ಕೆ ಕೈಯಿಟ್ಟು ಮೆಲ್ಲಗೆ ಎದ್ದರು.

ಕೆಲವು ದಿನ ಬೆರಳುಗಳು ಎಲ್ಲೂ ಹೊರಡಲಿಲ್ಲ. ಬೆಟ್ಟ, ಕೆರೆ ಎಲ್ಲ ನಿದ್ದೆ ಹೋದಂತೆ ಇದ್ದವು.

ಒಂದು ಸಂಜೆ ಕಿಟಕಿಯಿಂದ ಜೇನಿನ ಬಣ್ಣದ ಬಿಸಿಲು ಗೋಡೆಗೆ ಬಿದ್ದಿತ್ತು. ಅಪ್ಪ ಬಂದು ನಿಂತ. ಬೆರಳುಗಳು ಹೊರಟವು. ಬೆಟ್ಟ ಹತ್ತಿದವು. ಕೆರೆಯ ದಡಕ್ಕೆ ಬಂದು ನಿಂತುಬಿಟ್ಟವು.

ಅಪ್ಪ ತಲೆಯೆತ್ತಿ ಚಂದಿರನನ್ನು ನೋಡಿದ. ಹೋಮ್‌ವರ್ಕ್ ಮಾಡದ ಹುಡುಗನ ಮುಖವಾಗಿತ್ತು ಅವನದು. ಭುಜ ಇನ್ನೂ ಮೇಲಕ್ಕೆ ಏಳಲು ನೋಡಿತು.

"ಇರು ಅಪ್ಪಾ, ಅಲ್ಲೇ ಇರು!"

ಗುಬ್ಬಿ ಮಂಚ ಹತ್ತಿ, ಅದರ ಮೇಲೆ ಸ್ಟೂಲ್ ಇಟ್ಟು, ಅಂಚು ಹರಿಯದಂತೆ ಚಂದಿರನನ್ನು ಕಿತ್ತಳು. ಹಿಂಬದಿಗೆ ಗೋಂದು ಬಳಿದಳು. ಅಪ್ಪನ ಬೆರಳ ತುದಿಯಲ್ಲೇ, ದಡದ ಪಕ್ಕದ ನೀರಲ್ಲಿ ಅಂಟಿಸಿದಳು.

"ಇವತ್ತು ಇವನು ಈಜೋಕೆ ಇಳಿದಿದಾನೆ."

ಅಪ್ಪ ಚಂದಿರನ ಮೇಲೆ ಬೆರಳಾಡಿಸಿದ. ಅವನ ಭುಜ ಸಡಿಲವಾಯಿತು.

"ಕ್ಲಾಸಿನ ಆಕಾಶ ಏನ್ಮಾಡೋದೇ?"

"ಮೇಲಿಂದು ನಾವೆಲ್ಲ ಬೆಂಚ್ ಹತ್ತಿ ಬಳೀತೀವಿ. ನೀನು ಕೂತ್ಕೊಂಡು ಕೆಳಗಿನ ಮೋಡ ಬರಿ."

"ಸರಿ. ನಾಳೆ ಈ ಚಂದಿರ ಎಲ್ಲಿರ್ತಾನೆ?"

"ಗೊತ್ತಿಲ್ಲ ಅಪ್ಪಾ."

ಗುಬ್ಬಿ ಗೋಂದಿನ ಬಾಟಲಿಯನ್ನು ಒರೆಸಿ, ಕೈಗೆ ಸಿಗುವಂತೆ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಳು.