ನುಣುಪಾದ ಕಡಲಂಚು

"ಇದು ಕೂರ್ತಾನೇ ಇಲ್ಲ ಮಿಸ್!" ತುಂಡುಗಳನ್ನು ಜೋಡಿಸುತ್ತಿದ್ದ ಹುಡುಗ ಕೂಗಿದ.

ಮೇಜಿನ ಮೇಲೆ ಪ್ಲೈವುಡ್ಡಿನ ಆಫ್ರಿಕಾ, ಪಕ್ಕದಲ್ಲಿ ದಕ್ಷಿಣ ಅಮೆರಿಕ. ಎಷ್ಟು ಒತ್ತಿದರೂ ನಡುವೆ ಬೆರಳು ತೂರುವಷ್ಟು ಸಂದಿ. ಪೇಂಟರಮ್ಮ ಆ ಸಂದಿಯನ್ನೇ ನೋಡಿದಳು. ಬಣ್ಣ ಹಚ್ಚುವುದರಲ್ಲಿ ಎತ್ತಿದ ಕೈ ಎಂದು ಕ್ಲಾಸಿನವರೇ ಅವಳಿಗೆ ಆ ಹೆಸರಿಟ್ಟಿದ್ದರು.

ಖಂಡಗಳನ್ನು ಕೊಯ್ದವಳು ಅವಳ ಗೆಳತಿ ಕಡ್ಡಿ. ಕಡ್ಡಿಯ ಅಪ್ಪ ಬಡಗಿ. ಒಂದೇ ಹಲಗೆಯ ಮೇಲೆ ಗೆರೆ ಎಳೆದು ಒಂದೇ ಸಲ ಗರಗಸ ಆಡಿಸಿದರೆ ಎರಡೂ ಅಂಚು ತಾವಾಗಿಯೇ ಹೊಂದುತ್ತವೆ ಎಂದು ಅವರೇ ಮಗಳಿಗೆ ಕಲಿಸಿದ್ದರು. ನಿನ್ನೆ ಬಣ್ಣಕ್ಕೆಂದು ತುಂಡುಗಳು ಪೇಂಟರಮ್ಮನ ಮನೆಗೆ ಬಂದವು. ಅಂಚೆಲ್ಲ ಅಂಕುಡೊಂಕು. ಅಂದವಾಗಿರಲಿ ಎಂದು ಅವಳು ಸ್ಯಾಂಡ್‌ಪೇಪರ್ ಹಿಡಿದು ತಿಕ್ಕಿದಳು, ತಿಕ್ಕಿದಳು, ಉಬ್ಬುಗಳೆಲ್ಲ ಪುಡಿಯಾಗಿ ಉದುರುವವರೆಗೂ ತಿಕ್ಕಿದಳು. ಯಾರನ್ನೂ ಒಂದು ಮಾತು ಕೇಳಲಿಲ್ಲ.

"ಈ ಅಂಚೇ ಮುಖ್ಯ ಕಣ್ರೋ," ಎಂದರು ಮಿಸ್. "ಹಲ್ಲಿ ತರಹದ ಒಂದು ಪ್ರಾಣಿ ಇತ್ತು. ಸಿಹಿನೀರಲ್ಲಿ ಈಜ್ತಿತ್ತೇ ಹೊರತು ಅಷ್ಟು ದೊಡ್ಡ ಸಮುದ್ರ ದಾಟೋಕೆ ಅದರ ಕೈಲಿ ಆಗ್ತಿರ್ಲಿಲ್ಲ. ಆದ್ರೂ ಅದರ ಮೂಳೆ ಎರಡೂ ಕಡೆ ಸಿಕ್ಕಿದೆ. ಯಾಕೆ? ಆಗ ನೆಲ ಒಂದೇ ಆಗಿತ್ತು. ಆಮೇಲೆ ದೂರ ದೂರ ಸರೀತು. ಆ ಕಡೆ ಜೀವಿಗಳು ಆ ಕಡೆ, ಈ ಕಡೆಯವು ಈ ಕಡೆ, ಕೋಟ್ಯಂತರ ವರ್ಷದಲ್ಲಿ ಬೇರೆ ಬೇರೆ ತರಹ ಆದವು. ನಾಳೆ ಪೇರೆಂಟ್ಸಿಗೆ ತೋರಿಸ್ಬೇಕಿದ್ದಿದ್ದೇ ಇದು!"

"ಬಡಗಿ ಮಗಳಿಗೆ ಕೊಯ್ಯೋಕೇ ಬರಲ್ಲ!" ಹಿಂದಿನ ಬೆಂಚು ಕಿಸಕ್ಕೆಂದಿತು.

ಕಡ್ಡಿಯ ಮುಖ ಕೆಂಪಾಯಿತು. "ಅಪ್ಪ ಸರಿಯಾಗೇ ಹೇಳ್ಕೊಟ್ಟಿದ್ರು ಮಿಸ್. ನನ್ನ ಕೈಯೇ ತಪ್ಪಿರ್ಬೇಕು."

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಕಡ್ಡಿ ತಲೆ ತಗ್ಗಿಸಿ ನಿಂತಿದ್ದಳು, ಅದನ್ನು ಪೇಂಟರಮ್ಮನಿಗೆ ನೋಡಲಾಗಲಿಲ್ಲ.

"ಅವಳ ತಪ್ಪಲ್ಲ ಮಿಸ್. ನಾನೇ ಅಂಚನ್ನ ತಿಕ್ಕಿಬಿಟ್ಟೆ. ನೀಟಾಗಿ ಕಾಣ್ಲಿ ಅಂತ."

ನಗು ನಿಂತಿತು. ಮಿಸ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನಾಳೆಗೆ ಇನ್ನೊಂದು ಮಾಡ್ಕೊಂಡು ಬನ್ನಿ," ಎಂದರು ಅಷ್ಟೇ.

ಬೆಲ್ ಹೊಡೆದ ಮೇಲೂ ಕಡ್ಡಿ ಅವಳತ್ತ ತಿರುಗಲಿಲ್ಲ. ತುಂಡುಗಳನ್ನು ಬ್ಯಾಗಿಗೆ ತುಂಬುತ್ತಲೇ, "ಮನೆಗೆ ಹೋದ ತಕ್ಷಣ ಅಪ್ಪ ಕೇಳ್ತಾರೆ, ಸರಿಯಾಗಿ ಕೂತ್ಕೊಳ್ತಾ ಅಂತ," ಎಂದಳು. "ಏನಂತ ಹೇಳ್ಲಿ?"

ಸಾರಿ ಎಂಬ ಮಾತು ಪೇಂಟರಮ್ಮನ ತುಟಿಯವರೆಗೂ ಬಂತು. ಕಡ್ಡಿ ಕೇಳಿದ್ದು ಅದನ್ನಲ್ಲ.

"ನೀನೇನೂ ಹೇಳ್ಬೇಡ," ಎಂದಳು ಅವಳು. "ನಾನೇ ಬಂದು ಹೇಳ್ತೀನಿ."