ಸೋಸುಪೆಟ್ಟಿಗೆಯ ಚಿಪ್ಪು

ತೊಟ್ಟಿಯ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದೂ ಉಳಿದಿರಲಿಲ್ಲ.

ಕಾರವಾರದ ಬೈತಖೋಲದಲ್ಲಿ ಮಂಗಲಾಳ ಶೆಡ್ಡು ಅದು. ಸಬ್ ಇನ್ಸ್‌ಪೆಕ್ಟರ್ ಕಲಾವತಿ ಬಾಗಿಲಲ್ಲೇ ನಿಂತಳು. ಮೀನುಗಾರರ ಮನೆಯ ಮಗಳು, ಸತ್ತ ಮೀನು ಅವಳಿಗೆ ಹೊಸದಲ್ಲ. ಆದರೂ ಒಳಗೆ ಕಾಲಿಡಲು ಮನಸ್ಸಾಗಲಿಲ್ಲ.

"ಸಂಜಿಗೆ ಸಮಿತಿ ಬತ್ತದೆ ಬಾಯೋರೆ. ಯಾರೋ ಇಸ ಹಾಕ್ಯಾರೆ!" ಮಂಗಲಾ ಅಳುತ್ತಿರಲಿಲ್ಲ, ಸಿಡಿಯುತ್ತಿದ್ದಳು.

ಊರಿಗೆ ಹೊಸ ಮತ್ಸ್ಯಾಲಯ ಬರಲಿತ್ತು. ಉಪ್ಪುನೀರಿನ ತೊಟ್ಟಿಯಲ್ಲಿ ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ತಿಂದು ಮೀನಿನ ಜೀವ ಉಳಿಸುವುದು ಬ್ಯಾಕ್ಟೀರಿಯಾ. ಅವು ಮನೆ ಮಾಡಲು ಸೋಸುಪೆಟ್ಟಿಗೆಯಲ್ಲಿ ಏನು ತುಂಬಬೇಕು? ನಮ್ಮ ಹೊಳೆಯ ಕಪ್ಪೆಚಿಪ್ಪು, ಬೆಳಚಿನ ಚಿಪ್ಪೇ ಸಾಕು ಎಂದು ಮಂಗಲಾಳ ಹಟ. ಸೆರಾಮಿಕ್ ಉಂಗುರಗಳೇ ಬೇಕು ಎಂದು ಅಂಕೋಲೆಯ ಅಕ್ವೇರಿಯಂ ಅಂಗಡಿಯ ಸೂರಜ್‌ನ ವಾದ. ಇಬ್ಬರ ತೊಟ್ಟಿಯನ್ನೂ ನೋಡಿ ಸಮಿತಿ ಇಂದು ತೀರ್ಮಾನಿಸಬೇಕಿತ್ತು. ಮಂಗಲಾ ಗೆದ್ದರೆ ಹೊಳೆಯಲ್ಲಿ ಬೆಳಚು ಹೆಕ್ಕುವ ಹೆಂಗಸರೆಲ್ಲ ತಲೆಯೆತ್ತಿ ನಡೆಯಬಹುದಿತ್ತು.

"ನೀನು ಎಲ್ಲಿದ್ದೆ?" ಕಲಾವತಿ ಕೇಳಿದಳು.

"ಚೆಂಡಿಯಾದಾಗೆ ಮದ್ವೆ, ಮೂರ್ ದಿನ. ಈಗ ಬಂದೆ. ಮೈದುನ ಕಿಶನ ಮೀನಿಗೆ ತಿಂಡಿ ಹಾಕ್ತಿದ್ದ."

ಮೈದುನನಿಗೂ ಅತ್ತಿಗೆಗೂ ಆಗಿಬರದು ಎಂಬುದು ಓಣಿಗೆಲ್ಲ ಗೊತ್ತು. ಹವಾಲ್ದಾರ್ ಮಾದೇವ ಆಗಲೇ ಅವನ ರಟ್ಟೆ ಹಿಡಿದಿದ್ದ.

"ನಾ ಎಂತದೂ ಮಾಡ್ಲಿಲ್ಲ ಮೇಡಂ!" ಕಿಶನ ಕೊಸರಿಕೊಂಡ. "ಕೀಲಿ ಬಾಗ್ಲ ಮೇಲೇ ಇರ್ತದೆ. ಯಾರು ಬೇಕಾರೂ ತೆಗೂಕೆ ಬತ್ತದೆ."

ಕಲಾವತಿ ನೀರಿಗೆ ಪರೀಕ್ಷೆಯ ಹನಿ ಹಾಕಿಸಿದಳು. ಬಣ್ಣ ಕಡು ಹಸಿರಿಗೆ ತಿರುಗಿತು. ಮೀನು ಸತ್ತದ್ದು ಅಮೋನಿಯಾದಿಂದ. ಪಂಪು ಓಡುತ್ತಲೇ ಇತ್ತು. ತಿಂಡಿಯ ಡಬ್ಬಿ ಇನ್ನೂ ಅರ್ಧ ತುಂಬಿತ್ತು, ಕಿಶನ ಅತಿಯಾಗಿ ಸುರಿದಿರಲಿಲ್ಲ. ಅವಳು ಸೋಸುಪೆಟ್ಟಿಗೆಯಿಂದ ಒಂದು ಚಿಪ್ಪು ತೆಗೆದಳು. ಬೆಳ್ಳಗಿತ್ತು, ಬ್ಯಾಕ್ಟೀರಿಯಾ ಕೂತ ಲೋಳೆಯಿಲ್ಲ. ಅಂಚನ್ನು ಬೆರಳಿನಿಂದ ಸವರಿದಳು, ನುಣುಪಾಗಿತ್ತು.

"ಮಂಗಲಾ, ನಿಮ್ಮನೆಲಿ ಬೆಳಚು ಕುದಿಸಿ ಬಿಡಿಸ್ತೀರಾ?"

"ಛೀ! ಹಸೀದೇ ಈಳಿಗೆ ಮೇಲೆ ಸೀಳೂದು. ಕುದ್ಸಿದ್ರೆ ರುಚಿ ಎಲ್ಲಿ?"

"ಮಾದೇವ, ಅವನನ್ನು ಬಿಡು. ಜೀಪು ತೆಗಿ. ಮಂಗಲಾ, ನೀನೂ ಬಾ."

* * *

ಅಂಕೋಲೆಯ ಅಂಗಡಿಯಲ್ಲಿ ಸಮಿತಿಯವರು ಆಗಲೇ ಕುಳಿತಿದ್ದರು. ಸೂರಜ್‌ನ ತೊಟ್ಟಿಯಲ್ಲಿ ಮೀನುಗಳು ಕುಣಿಯುತ್ತಿದ್ದವು.

"ನೋಡಿ ಮೇಡಂ, ಸೆರಾಮಿಕ್. ಇದ್ರ ಮುಂದೆ ಆ ಚಿಪ್ಪು ಎಂತಕೆ?"

ಕಲಾವತಿ ಅಂಗಿಯ ತೋಳು ಮಡಚಿ ಅವನ ಸೋಸುಪೆಟ್ಟಿಗೆಗೆ ಕೈ ಹಾಕಿದಳು. ಮೇಲೆ ಉಂಗುರಗಳ ಒಂದು ಪದರ. ಅದರಡಿಯಿಂದ ಹಿಡಿ ತುಂಬ ಚಿಪ್ಪು ಬಂತು. ಕಂದು ಲೋಳೆ. ಒಂದೊಂದರ ಅಂಚಿನಲ್ಲೂ ಈಳಿಗೆಯ ಕಚ್ಚು.

ಸೂರಜ್ ಒಂದು ಹೆಜ್ಜೆ ಹಿಂದೆ ಸರಿದ.

"ಮೀನು ಕೊಲ್ಲುವುದಷ್ಟೇ ಬೇಕಿದ್ದರೆ ವಿಷ ಸಾಕಿತ್ತು," ಎಂದಳು ಕಲಾವತಿ. "ಹಳೆಯ ಚಿಪ್ಪು ಒಯ್ದವನಿಗೆ ಅದರ ಅಗತ್ಯ ಇರಬೇಕು. ನಿನ್ನ ಉಂಗುರ ಹೊಸದು, ಬ್ಯಾಕ್ಟೀರಿಯಾ ಇನ್ನೂ ಕೂತಿರಲಿಲ್ಲ. ಸಮಿತಿ ಬರುವಷ್ಟರಲ್ಲಿ ನೀರು ಹದಕ್ಕೆ ಬರುವಂತಿರಲಿಲ್ಲ. ಅದಕ್ಕೇ ಇವಳ ಹದವಾದ ಚಿಪ್ಪು ಕದ್ದೆ. ಗುರುತು ಸಿಗಬಾರದೆಂದು ಕುದಿಸಿದ ಚಿಪ್ಪು ತುಂಬಿಟ್ಟೆ. ಕುದಿಸಿದ್ದು ತಾನೇ ಬಾಯಿ ಬಿಡುತ್ತದೆ, ಅಂಚಿಗೆ ಕತ್ತಿ ತಾಗುವುದಿಲ್ಲ. ಅದು ನಿನಗೆ ಹೊಳೆಯಲಿಲ್ಲ."

"ಮೀನು ಸಾಯ್ತಾವೆ ಅಂದ್ಕಂಡಿರ್ಲಿಲ್ಲ..." ಸೂರಜ್ ತಡವರಿಸಿದ.

"ಅಂಗಡಿ ಇಟ್ಟವಂಗೆ ಅಷ್ಟೂ ಗೊತ್ತಿಲ್ವಾ?" ಕಲಾವತಿ ಗದರಿದಳು.

ಮಾದೇವ ಚಿಪ್ಪನ್ನೆಲ್ಲ ಚೀಲಕ್ಕೆ ತುಂಬಲು ಹೊರಟ. ಮಂಗಲಾ ಅಡ್ಡ ಬಂದಳು.

"ಎಲ್ಲ ತೆಗೀಬೇಡಿ. ಸಾಕ್ಷಿಗೆ ಒಂದ್ ಹಿಡಿ ಸಾಕು. ಇವನ ಮೀನು ಎಂತ ತಪ್ಪು ಮಾಡ್ಯಾವೆ?"

ಇವಳು ನಮ್ಮವಳು ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕೆನಿಸಿತು ಕಲಾವತಿಗೆ.

ಸಮಿತಿಯ ಮುಖ್ಯಸ್ಥೆ ಎದ್ದು ನಿಂತರು. "ಆದರೆ ಮಂಗಲಾ ಅವರೇ, ನಿಮ್ಮ ತೊಟ್ಟಿಯನ್ನು ನಾವು ನೋಡಲೇ ಇಲ್ಲವಲ್ಲ."

ಮಂಗಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಣಿಯುವ ಮೀನುಗಳತ್ತ ಕೈ ತೋರಿಸಿದಳು.

"ನೋಡ್ತಾ ಇದ್ರಲ್ಲ ಬಾಯೋರೆ. ಗಾಜು ಮಾತ್ರ ಅವಂದು."