ಚಪ್ಪಲಿ ಬಿಡದ ಹೆಜ್ಜೆ

ಡಂಗುರದ ಗಂಟೆ ಕಾಣೆಯಾಗಿತ್ತು—ಅದೂ ಸಭೆಯ ದಿನ ಬೆಳಿಗ್ಗೆ!

ಗಂಟೆ ಬಾರಿಸದೆ ನಮ್ಮೂರಲ್ಲಿ ಸಭೆ ಸೇರುವಂತಿಲ್ಲ. ಸಭೆ ಸೇರದೆ ನಾಯಕರನ್ನು ಯಾರೂ ಪ್ರಶ್ನಿಸುವಂತಿಲ್ಲ. ಊರ ಹೊಳೆಯ ದಂಡೆಯನ್ನು ಮರಳು ತೋಡುವವನಿಗೆ ಯಾರನ್ನು ಕೇಳಿ ಕೊಟ್ಟಿರಿ ಎಂದು ನಾಯಕ ನಾನಾ ಬೊಆಹೆನ್‌ರನ್ನು ಜನ ಅಂದು ಕೇಳುವವರಿದ್ದರು. ದೊಡ್ಡವರ ಹೆಸರಿಗೆ 'ನಾನಾ' ಸೇರಿಸುವುದು ನಮ್ಮೂರ ಮರ್ಯಾದೆ.

"ಈ ಕುಡುಕನೇ ಕಳೆದಿರೋದು," ಎಂದರು ನಾಯಕರು, ಡಂಗುರ ಸಾರುವ ಅಡೊಮಾಕೊನತ್ತ ಕೈ ತೋರಿಸಿ. "ಇವನನ್ನ ಊರು ಬಿಡಿಸಿ. ಸಭೆ ಆಮೇಲೆ ನೋಡೋಣ."

ನಾನು ನಾಯಕರ ಮಾತುಗಾರ. ಅವರ ಮಾತಿಗೆ ಬೆಲ್ಲ ಸವರಿ ಊರಿಗೆ ತಲುಪಿಸುವುದು ನನ್ನ ಕೆಲಸ. ಈ ಮಾತಿಗೆ ಎಷ್ಟು ಬೆಲ್ಲ ಸಾಕಾದೀತು?

"ತಡಿ ಮಗಾ," ಎಂದರು ರಾಜಮಾತೆ ನಾನಾ ಅಫ್ರಕೋಮಾ. ನಾಯಕರ ದೊಡ್ಡಮ್ಮ, ಅವರನ್ನು ಪೀಠಕ್ಕೆ ಆರಿಸಿದವರೂ ಅವರೇ. "ಅವನ ಮಾತೂ ಕೇಳ್ಬೇಕಲ್ಲ?"

ಎಲ್ಲರೂ ಡೋಲಿನ ಕೋಣೆಗೆ ಹೋದೆವು. ಗಂಟೆ ಇರುತ್ತಿದ್ದುದು ಅಲ್ಲೇ. ಹಿಂದಿನ ಸಂಜೆ ಕೆಮ್ಮಣ್ಣು ಸಾರಿಸಿದ್ದ ನೆಲದ ಮೇಲೆ ಅಗಲವಾದ ಚಪ್ಪಲಿ ಗುರುತು!

"ರಾತ್ರಿ ಎಲ್ಲಿದ್ದೆ ಅಡೊಮಾಕೊ?"

"ಹೆಂಡದಂಗಡೀಲಿ ತಾಯಿ. ಸುಳ್ಳ್ಯಾಕೆ ಹೇಳ್ಲಿ?"

"ಚಪ್ಪಲಿ ಹಾಕ್ಕೊಂಡೇ ಇಲ್ಲಿಗೆ ಬಂದ್ಯಾ?"

"ಡೋಲಿನ ಕೋಣೆಗಾ? ಅಯ್ಯೋ, ಕುಡಿದ್ರೂ ಕಾಲಿಗೆ ಬುದ್ಧಿ ಇರತ್ತೆ ತಾಯಿ!"

"ಮರಳಿನವನು?" ಎಂದೆ ನಾನು.

"ಅವನು ಹಾಕೋದು ಬೂಟು," ಎಂದರು ರಾಜಮಾತೆ. "ಇಲ್ಲಿ ಬೂಟಿನ ಹಲ್ಲೆಲ್ಲಿದೆ?"

ಬಗ್ಗಿ ನೋಡಿದ ರಾಜಮಾತೆಯ ಮುಖ ಬಾಡಿತು. ಗೋಡೆ ಹಿಡಿದು ಎದ್ದರು.

"ನಮ್ಮೂರಲ್ಲಿ ಕಳ್ಳನಾದ್ರೂ ಈ ಬಾಗಿಲಲ್ಲಿ ಚಪ್ಪಲಿ ಬಿಡ್ತಾನೆ. ಚಿಕ್ಕಂದಿನ ಅಭ್ಯಾಸ. ಪೀಠದ ಮೇಲಿರೋ ತನಕ ಬರಿಗಾಲು ನೆಲ ಮುಟ್ಟಬಾರದು ಅಂತ ಕಟ್ಟಳೆ ಇರೋದು ಒಬ್ಬನಿಗೇ." ಅವರು ನಾಯಕರ ಪಾದ ನೋಡಿದರು. ಅಟ್ಟೆಯ ಅಂಚಿಗೆ ಕೆಮ್ಮಣ್ಣು ಮೆತ್ತಿತ್ತು. "ಗಂಟೆ ಎಲ್ಲಿಟ್ಟಿದೀಯಾ ಮಗಾ?"

ನಾಯಕರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಮಂಚದ ಕೆಳಗೆ. ಊರಿನ ಮಾನಕ್ಕೋಸ್ಕರ ಮಾಡಿದೆ ಅಂತ ಹೇಳು."

ಊರಿನ ಮಾನವೇ! ನನಗೆ ಬೆಲ್ಲ ಸಿಗಲಿಲ್ಲ. "ಮಂಚದ ಕೆಳಗಿದೆಯಂತೆ," ಎಂದಷ್ಟೇ ಹೇಳಿ ತಲೆ ತಗ್ಗಿಸಿದೆ.

"ಅವರ ಚಪ್ಪಲಿ ಈಗ್ಲೇ ತೆಗೆಸಿ ತಾಯಿ," ಎಂದ ಅಡೊಮಾಕೊ. ಚಪ್ಪಲಿ ತೆಗೆಸಿದರೆ ಪೀಠ ಹೋದಂತೆ.

"ನಾನೊಬ್ಳೇ ತೆಗೆಸೋಕೆ ಅದೇನು ನನ್ನ ಮನೆ ಪೀಠವಾ? ನಿನ್ನ ಮಾತು ಕೇಳಿದ ಹಾಗೆ ಅವನ ಮಾತೂ ಊರು ಕೇಳ್ಲಿ. ಹೋಗು, ಗಂಟೆ ತಂದು ಬಾರಿಸು."

ಗಂಟೆಯ ಸದ್ದಿಗೆ ಜನ ಸೇರಿದರು. ಎಲ್ಲರ ಕಣ್ಣೂ ನಾಯಕರ ಮೇಲಿತ್ತು. ರಾಜಮಾತೆ ತಮ್ಮ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಸಭೆಯ ನಡುವೆ ಬಂದು ನಿಂತರು.

"ಮೊದ್ಲು ನನ್ನನ್ನ ಕೇಳಿ. ಇವನನ್ನ ಆರಿಸಿದವಳು ನಾನು."